ನನ್ನ ಶಕ್ತಿ ಯಾವುದು, ಬೇರೆಯವರ ಕಣ್ಣಿಗೆ ನಾನು ಹೇಗೆ ಕಾಣ್ತೀನಿ? ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೆರಡು ವರ್ಷ ಹಾಸನದಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳಿದ್ದೇನೆ. ಪಾಠಕ್ಕಿಂತ, ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅವರು ಕೇಳಿದ ಪ್ರಶ್ನೆಗಳೇ ಜಾಸ್ತಿ ನೆನಪಿವೆ. ಈಗ ಮೂಡಿಗೆರೆ ಕಡೆಯ ಮನೆಗೆ ಬಂದು ಕೂತಿದ್ದರೂ ಪತ್ರ, ವಾಟ್ಸಾಪ್ ನಿಂತಿಲ್ಲ. ಹಳೇ ಹುಡುಗರು, ಅವರ ಅಮ್ಮಂದಿರು, ಬ್ಯಾಂಕಿನವರು, ತೋಟದ ರೈಟರ್‌ಗಳು ಎಲ್ಲರೂ ಕೇಳುತ್ತಾರೆ. ಪ್ರಶ್ನೆ ಮಾತ್ರ ಸುತ್ತಿ ಬಳಸಿ ಅವೇ. ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಬೇಕಾದದ್ದನ್ನು ಮಾತ್ರ ಓದಿಕೊಳ್ಳಿ.

## ಮೊದಮೊದಲ ಪ್ರಶ್ನೆಗಳು

"ಮೇಡಂ, ನನ್ನಲ್ಲಿ ಅಂಥ ವಿಶೇಷ ಏನೂ ಇಲ್ಲ. ಎಲ್ಲರಿಗೂ ಒಂದು ಶಕ್ತಿ ಅಂತ ಇದ್ದೇ ಇರುತ್ತಾ?"

ಇರುತ್ತೆ. ಇರುವವರಿಗೇ ಅದು ಕಾಣುವುದಿಲ್ಲ ಅಷ್ಟೆ. ನಮಗೆ ಸಲೀಸಾಗಿ ಬರುವುದನ್ನು ನಾವು ಕೆಲಸ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದನ್ನು ಬೇರೆಯವರ ಮೇಲೆ ಹೇಳುತ್ತೇವೆ, ಆದರೆ ಆ ಹಿತ್ತಲು ನಮ್ಮೊಳಗೂ ಇದೆ.

ನಮ್ಮ ಪಕ್ಕದ ತೋಟದಲ್ಲಿ ಕಣ ನೋಡಿಕೊಳ್ಳುವ ಒಬ್ಬ ಅಕ್ಕ ಇದ್ದಾರೆ. ಪಾರ್ಚ್‌ಮೆಂಟ್ ಕಾಫಿಯ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸುವ ಬೀಜದ) ತೇವ ಶೇ. 10ರ ಹತ್ತಿರಕ್ಕೆ ಇಳಿಯಬೇಕು, ಇಲ್ಲದಿದ್ದರೆ ಮೂಟೆಯಲ್ಲೇ ಬೂಸ್ಟು ಹಿಡಿಯುತ್ತದೆ. ಅಳೆಯೋಕೆ ಮೀಟರ್ ಇದೆ. ಈ ಅಕ್ಕ ಒಂದು ಹಿಡಿ ಎತ್ತುತ್ತಾರೆ, ಬೆರಳ ಸಂದಿಯಿಂದ ಸುರಿದು ಸದ್ದು ಕೇಳುತ್ತಾರೆ, ಒಂದು ಬೀಜ ಹಲ್ಲಿಗೆ ಕೊಡುತ್ತಾರೆ. "ಇನ್ನೊಂದು ಬಿಸ್ಲು ಬೇಕು" ಅನ್ನುತ್ತಾರೆ. ಆಮೇಲೆ ಮೀಟರ್ ಹಚ್ಚಿದರೆ ಅದೂ ಅದನ್ನೇ ಹೇಳುತ್ತದೆ. ನಿಮಗೆ ಏನು ಚೆನ್ನಾಗಿ ಬರುತ್ತೆ ಅಂತ ಒಮ್ಮೆ ಕೇಳಿದೆ. "ನಂಗೇನ್ ಬತ್ತದಮ್ಮ, ಓದ್ಲಿಲ್ಲ ಬರೀಲಿಲ್ಲ" ಅಂದರು. ಹಾಗೆ ಹೇಳುವಾಗಲೂ ಬಾಯಲ್ಲಿ ಬೀಜ ಇತ್ತು.

"ಶಕ್ತಿ ಅಂದ್ರೆ ಟ್ಯಾಲೆಂಟಾ? ನಂಗೆ ಹಾಡೋಕೂ ಬರಲ್ಲ, ಕುಣಿಯೋಕೂ ಬರಲ್ಲ."

ಹಾಡು, ಕುಣಿತ ವೇದಿಕೆ ಮೇಲೆ ಕಾಣುವ ಶಕ್ತಿ. ಕಾಣದವೇ ಜಾಸ್ತಿ. ಮನೋವಿಜ್ಞಾನಿಗಳಾದ ಕ್ರಿಸ್ಟೊಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್ಮನ್ 2004ರಲ್ಲಿ ಗುಣದ ಶಕ್ತಿಗಳ ಪಟ್ಟಿ ಮಾಡಿದರು. ಅದರಲ್ಲಿ 24 ಇವೆ. ಕುತೂಹಲ, ಪ್ರಾಮಾಣಿಕತೆ, ಹಿಡಿದ ಕೆಲಸ ಬಿಡದಿರುವುದು, ತಮಾಷೆ, ಕ್ಷಮಿಸುವುದು, ಕೃತಜ್ಞತೆ ಎಲ್ಲ ಅದರಲ್ಲಿ ಬರುತ್ತವೆ. ಒಂದಕ್ಕೂ ಮೈಕ್ ಬೇಕಿಲ್ಲ.

ಇನ್ನು ಟ್ಯಾಲಿ, ಡ್ರೈವಿಂಗ್, ಹೊಲಿಗೆ ಇವು ಕಲಿತ ಕೆಲಸಗಳು. ಕಲಿತ ಕೆಲಸ ಮತ್ತು ಶಕ್ತಿ ಒಂದೇ ಕಡೆ ಇರಲೇಬೇಕು ಅಂತಿಲ್ಲ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಲೆಕ್ಕಪತ್ರದಲ್ಲಿ ಒಂದು ಪೈಸೆ ತಪ್ಪು ಮಾಡಲ್ಲ, ಆದರೆ ಸಂಜೆ ಹೊತ್ತಿಗೆ ಹಿಂಡಿ ಹಾಕಿದ ಹಾಗಿರುತ್ತಾನೆ. ಅದೇ ಹುಡುಗ ಗಿರಾಕಿ ಹತ್ತಿರ ಅರ್ಧ ಗಂಟೆ ಮಾತಾಡಿ ಬಂದರೆ ಮುಖದಲ್ಲಿ ಕಳೆ ಬರುತ್ತೆ. ಮಾಡಿದ ಮೇಲೆ ಹುರುಪು ಏರುತ್ತಾ ಇಳಿಯುತ್ತಾ ನೋಡಿಕೊಳ್ಳಿ. ನನಗೆ ಗೊತ್ತಿರುವ ಅತಿ ಸುಲಭದ ಪರೀಕ್ಷೆ ಇದು.

"ನನ್ನ ಬಗ್ಗೆ ನನಗಿಂತ ಚೆನ್ನಾಗಿ ಇನ್ನೊಬ್ಬರಿಗೆ ಹೇಗೆ ಗೊತ್ತಿರುತ್ತೆ?"

ಎಲ್ಲ ಗೊತ್ತಿರುವುದಿಲ್ಲ, ಕೆಲವು ಗೊತ್ತಿರುತ್ತವೆ. ಸಿಮೀನ್ ವಜೀರ್ ಅನ್ನುವ ಮನೋವಿಜ್ಞಾನಿ 2010ರಲ್ಲಿ ಇದನ್ನು ವಿಂಗಡಿಸಿ ತೋರಿಸಿದರು. ಒಳಗಿನ ಆತಂಕ, ಕೊರಗು ಇಂಥವು ನಮಗೇ ಚೆನ್ನಾಗಿ ಗೊತ್ತು. ಬುದ್ಧಿವಂತಿಕೆ, ಹೊಸದನ್ನು ಯೋಚಿಸುವ ಗುಣದಂಥ ಒಳ್ಳೆಯದು ಕೆಟ್ಟದ್ದು ಅಂತ ತೂಗುವ ವಿಷಯದಲ್ಲಿ ಸ್ನೇಹಿತರ ಅಂದಾಜೇ ವಾಸಿ. ಯಾಕೆ? ಅಲ್ಲಿ ನಮ್ಮ ಮಾನ ಮರ್ಯಾದೆ ಅಡ್ಡ ಬರುತ್ತೆ, ಸರಿಯಾಗಿ ತೂಗೋಕೆ ಆಗಲ್ಲ.

ಬೇಲೂರಿಗೆ ಹೋದವರೆಲ್ಲ ಚೆನ್ನಕೇಶವ ದೇವಸ್ಥಾನದಲ್ಲಿ ಕನ್ನಡಿ ಹಿಡಿದ ಶಿಲ್ಪ ದರ್ಪಣ ಸುಂದರಿಯ ಮುಂದೆ ನಿಲ್ಲುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನ ಅದು. ಇಷ್ಟು ಶತಮಾನದಿಂದ ಆ ಹೆಂಗಸು ಕನ್ನಡಿ ನೋಡುತ್ತಲೇ ಇದ್ದಾಳೆ. ಅವಳಿಗೆ ಕಾಣುವ ಮುಖ ಎಡಬಲ ಅದಲುಬದಲಾದದ್ದು, ಕೆಳಗೆ ನಿಂತ ನಮಗೆ ಕಾಣುವುದು ಇನ್ನೊಂದು. ಇದು ಸುಮ್ನೆ ಚಮತ್ಕಾರಕ್ಕೆ ಹೇಳಿದ್ದಲ್ಲ. 1977ರಲ್ಲಿ ಅಮೆರಿಕದಲ್ಲಿ ಕೆಲವು ಹೆಣ್ಣುಮಕ್ಕಳಿಗೆ ಅವರದೇ ಎರಡು ಫೋಟೋ ತೋರಿಸಿದರು, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿದ್ದು. ಹೆಚ್ಚಿನವರು ಕನ್ನಡಿಯದ್ದನ್ನೇ ಮೆಚ್ಚಿದರು. ಅವರ ಸ್ನೇಹಿತರು ಮೆಚ್ಚಿದ್ದು ಇನ್ನೊಂದನ್ನು. ಇಬ್ಬರೂ ಸುಳ್ಳು ಹೇಳಲಿಲ್ಲ, ದಿನಾ ನೋಡಿ ರೂಢಿಯಾದ ಮುಖವನ್ನೇ ಆರಿಸಿಕೊಂಡರು.

"ಎಲ್ಲಿಗೆ ಹೋದರೂ ಜನ ನನ್ನನ್ನೇ ನೋಡ್ತಿದ್ದಾರೆ ಅನ್ಸುತ್ತೆ. ಮದುವೆ ಮನೆಗೆ ಹೋಗೋಕೂ ಹಿಂಜರಿಕೆ."

ಮದುವೆ ಮನೆಯಲ್ಲಿ ಜನ ನೋಡುವುದು ಊಟದ ಪಂಕ್ತಿ ಎಲ್ಲಿಗೆ ಬಂತು ಅಂತ. ತಮಾಷೆ ಬಿಡಿ. ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಕಾಲೇಜು ಹುಡುಗರಿಗೆ ಮುಜುಗರ ಆಗುವಂಥ ಚಿತ್ರದ ಟೀ ಶರ್ಟ್ ಹಾಕಿಸಿ ಒಂದು ರೂಮಿಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದುಕೊಂಡರು. ನಿಜವಾಗಿ ಗಮನಿಸಿದವರು ಕಾಲು ಭಾಗದ ಆಸುಪಾಸು. 2000ದಲ್ಲಿ ಅದು ಪ್ರಕಟವಾಯಿತು.

ಇದರ ಜೊತೆ ಇನ್ನೊಂದು ಸಮಾಧಾನವೂ ಇದೆ. ಹೊಸಬರ ಜೊತೆ ಮಾತಾಡಿ ಬಂದ ಮೇಲೆ "ನಾನು ಅವರಿಗೆ ಇಷ್ಟ ಆಗಲಿಲ್ಲವೇನೋ" ಅಂತ ಕೊರಗುತ್ತೇವಲ್ಲ, ಎದುರಿನವರು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಮ್ಮನ್ನು ಮೆಚ್ಚಿರುತ್ತಾರೆ ಅಂತ 2018ರ ಒಂದು ಅಧ್ಯಯನದಲ್ಲಿ ಕಂಡುಬಂತು. ಅವರೂ ಮನೆಗೆ ಹೋಗಿ ಅದೇ ಕೊರಗು ಕೊರಗುತ್ತಿರುತ್ತಾರೆ.

"ಫೋನಲ್ಲಿ ಒಂದು ಪರ್ಸನಾಲಿಟಿ ಟೆಸ್ಟ್ ಮಾಡಿದೆ. ಒಂದೊಂದು ಸಾಲೂ ನಂದೇ ಕಥೆ. ನಂಬಬಹುದಾ?"

ಒಂದೊಂದು ಸಾಲೂ ನಿಮ್ಮದೇ ಅನ್ನಿಸಿದರೆ ಅಲ್ಲೇ ಅನುಮಾನ ಪಡಿ. 1949ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನೋವಿಜ್ಞಾನದ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರದಿ ಅಂತ ಹಂಚಿದರು. ಎಷ್ಟು ಸರಿ ಇದೆ, ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ 4.26 ಬಂತು. ವಿಷಯ ಏನೆಂದರೆ, ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ, ಅದರ ಸಾಲುಗಳನ್ನು ಹೆಚ್ಚಾಗಿ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದರು. "ನಿಮಗೆ ಸಾಮರ್ಥ್ಯ ಇದೆ, ಆದರೆ ಪೂರ್ತಿ ಬಳಸಿಕೊಂಡಿಲ್ಲ" ಅಂದರೆ ಯಾರು ತಾನೇ ಇಲ್ಲ ಅಂತಾರೆ?

ಟೆಸ್ಟ್ ಮಾಡಬೇಡಿ ಅಂತಲ್ಲ. ಮಾತಿಗೆ ಒಂದು ನೆಪ ಸಿಗುತ್ತೆ. ಅದರಲ್ಲಿ ಬಂದ ಗುಣಕ್ಕೆ ನಿಮ್ಮ ಕಳೆದ ತಿಂಗಳಿನಿಂದ ಒಂದು ಉದಾಹರಣೆ ಕೊಡೋಕೆ ಆದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಡಿ.

## ಕೆಲಸಕ್ಕೆ ಇಳಿದವರ ಪ್ರಶ್ನೆಗಳು

"ಸರಿ, ಕೇಳೋಣ. ಯಾರನ್ನ ಕೇಳಲಿ, ಏನಂತ ಕೇಳಲಿ?"

ಇಲ್ಲೇ ಹೆಚ್ಚಿನವರು ಎಡವುವುದು. "ನಾನು ಹೇಗೆ?" ಅಂತ ಕೇಳುತ್ತಾರೆ. "ಒಳ್ಳೆಯವನಪ್ಪ" ಅನ್ನುವ ಉತ್ತರ ಬರುತ್ತೆ. ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಗುಣ ಕೇಳಬೇಡಿ, ನಡೆದದ್ದನ್ನು ಕೇಳಿ. ಮಿಷಿಗನ್ ವಿಶ್ವವಿದ್ಯಾಲಯದವರು ರೂಪಿಸಿದ ಒಂದು ಕ್ರಮವೂ ಹೀಗೇ ಇದೆ: ಹತ್ತಿಪ್ಪತ್ತು ಜನರನ್ನು ಕೇಳುವುದು, ನೀವು ಚೆನ್ನಾಗಿ ಮಾಡಿದ ಸಂದರ್ಭವನ್ನು ಅವರ ಕಣ್ಣಿನಿಂದ ಬರೆಸಿಕೊಳ್ಳುವುದು, ಆಮೇಲೆ ಯಾವುದು ಮತ್ತೆ ಮತ್ತೆ ಬಂದಿದೆ ಅಂತ ಹುಡುಕುವುದು.

ನಾನು ಹುಡುಗರಿಗೆ ಬರೆದುಕೊಡುವ ಮೆಸೇಜ್ ಇದು, ಹಾಗೇ ಕಳಿಸಬಹುದು: "ನಾನು ಯಾವುದಾದರೂ ಕೆಲಸ ಚೆನ್ನಾಗಿ ಮಾಡಿದ್ದು ನೀವು ಕಂಡಿದ್ದರೆ, ಅವತ್ತು ಏನಾಯ್ತು ಅಂತ ನಾಲ್ಕು ಸಾಲು ಬರೀತೀರಾ? ನಾನು ಏನು ಮಾಡಿದೆ, ಅದರಿಂದ ಏನಾಯ್ತು ಅಷ್ಟು ಸಾಕು. ಹೊಗಳೋದು ಬೇಡ." ಬರೆಯೋಕೆ ಬೇಜಾರಿದ್ದರೆ ವಾಯ್ಸ್ ಮೆಸೇಜ್ ಆಗಬಹುದು ಅಂತ ಸೇರಿಸಿ. ನಮ್ಮ ಕಡೆ ವಾಯ್ಸ್‌ನಲ್ಲೇ ನಿಜ ಜಾಸ್ತಿ ಬರುತ್ತೆ.

ಅರಸೀಕೆರೆಯ ಒಬ್ಬ ಹುಡುಗಿ ಹೀಗೆ ಎಂಟು ಜನರನ್ನು ಕೇಳಿದಳು. ತನ್ನನ್ನು ತಾನು "ಮೆತ್ತಗಿನವಳು, ಧೈರ್ಯ ಇಲ್ಲ" ಅಂತ ಹೇಳಿಕೊಳ್ಳುತ್ತಿದ್ದವಳು. ಅತ್ತೆ ಹೇಳಿದ್ದು ತಿಥಿ ದಿನದ ವಿಷಯ. ಅಡುಗೆಯವರು ಕೈಕೊಟ್ಟರು, ಮನೆಯಲ್ಲಿ ಕೂಗಾಟ ಶುರುವಾಯ್ತು, ಇವಳು ಒಂದು ಚೀಟಿ ಹಿಡಿದು ಯಾರು ಏನು ಮಾಡಬೇಕು ಅಂತ ಒಬ್ಬೊಬ್ಬರ ಹತ್ತಿರ ಹೋಗಿ ಹೇಳಿದಳಂತೆ. ಸಹಪಾಠಿ ಹೇಳಿದ್ದು ಕಾಲೇಜ್ ಡೇ ದಿನ ಮೈಕ್ ಕೆಟ್ಟಾಗಿನದ್ದು. ಪಕ್ಕದ ಮನೆಯವರಿಗೆ ನೆನಪಿದ್ದದ್ದು ನಲ್ಲಿ ಪೈಪ್ ಒಡೆದ ರಾತ್ರಿ. ಮೂವರಿಗೂ ಒಬ್ಬರಿಗೊಬ್ಬರು ಪರಿಚಯ ಇಲ್ಲ. ಮೂವರೂ ಹೇಳಿದ್ದು ಒಂದೇ: ಸುತ್ತ ಗಲಾಟೆ ಏರಿದಷ್ಟೂ ಇವಳ ದನಿ ಇಳಿಯುತ್ತೆ. ಅವಳು ಮೆತ್ತಗೆ ಅಂತ ಬೈದುಕೊಂಡಿದ್ದು ಆ ದನಿಯನ್ನೇ.

ಇನ್ನು ಯಾರನ್ನು ಕೇಳಬೇಕು ಅಂದರೆ, ನಿಮ್ಮನ್ನು ಬೇರೆ ಬೇರೆ ಕಡೆ ಕಂಡವರನ್ನು. ಬರೀ ಸ್ನೇಹಿತರಲ್ಲ. ನಿಮ್ಮಿಂದ ಏನೂ ಬೇಕಿಲ್ಲದ ಒಬ್ಬಿಬ್ಬರಾದರೂ ಇರಲಿ. ಹೆತ್ತವರಿಗೆ ಹೆಗ್ಗಣ ಮುದ್ದು, ಹಾಗಾಗಿ ಅಮ್ಮನ ಉತ್ತರವನ್ನು ಪ್ರೀತಿಯಿಂದ ಓದಿ ಪಕ್ಕಕ್ಕಿಡಿ.

"ಕೇಳೋಕೆ ನಾಚಿಕೆ. ಯಾರನ್ನೂ ಕೇಳದೆ ತಿಳ್ಕೊಳ್ಳೋಕೆ ಆಗಲ್ವಾ?"

ಅರ್ಧ ಆಗುತ್ತೆ. ನಿಮಗೆ ಯಾವಾಗ ಫೋನ್ ಬರುತ್ತೆ ನೋಡಿ. ಸಾಲ ಕೇಳೋಕೆ ಬಂದದ್ದನ್ನು ಬಿಟ್ಟು ಲೆಕ್ಕ ಹಾಕಿ. ಅರ್ಜಿ ತುಂಬಿಸೋಕಾ, ಜಗಳ ಬಿಡಿಸೋಕಾ, ಆಸ್ಪತ್ರೆಗೆ ಜೊತೆಗೆ ಬರೋಕಾ? ಜನ ಬಾಯಲ್ಲಿ ಹೇಳದ್ದನ್ನು ಕೆಲಸ ಒಪ್ಪಿಸಿ ಹೇಳಿರುತ್ತಾರೆ.

ಇನ್ನೊಂದು ದಾರಿ ನೋಟ್‌ಬುಕ್. ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ಹೇಳುತ್ತಿದ್ದದ್ದು ಇದನ್ನೇ: ದೊಡ್ಡ ತೀರ್ಮಾನ ಮಾಡುವಾಗ ಏನಾಗಬಹುದು ಅಂತ ಬರೆದಿಡಿ, ಒಂಬತ್ತು ಹನ್ನೆರಡು ತಿಂಗಳು ಕಳೆದ ಮೇಲೆ ತೆಗೆದು ಏನಾಯ್ತು ಅಂತ ಹೋಲಿಸಿ. ಎಲ್ಲಿ ನಿಮ್ಮ ಅಂದಾಜು ಕೂಡಿ ಬರುತ್ತೋ ಅಲ್ಲಿ ನಿಮ್ಮ ಶಕ್ತಿ ಇದೆ. ಕಾಫಿ ಬೆಳೆಗಾರರು ಹೂಮಳೆ ಯಾವತ್ತು ಬಂತು, ಎಷ್ಟು ಇಂಚು ಬಂತು ಅಂತ ಡೈರಿಯಲ್ಲಿ ಬರೆಯುತ್ತಾರೆ, ಕೊಯ್ಲಿನಲ್ಲಿ ತಾಳೆ ನೋಡುತ್ತಾರೆ. ಅದೇ ಡೈರಿಯಲ್ಲಿ ಇನ್ನೆರಡು ಸಾಲು ಅಷ್ಟೆ.

"ಟ್ರೈನಿಂಗ್‌ನಲ್ಲಿ ಜೋಹಾರಿ ಕಿಟಕಿ ಅಂತ ಬರೆಸಿದರು. ತಲೆಬುಡ ಅರ್ಥ ಆಗಲಿಲ್ಲ."

ಹೆಸರು ನೋಡಿ ಹೆದರಬೇಡಿ. 1955ರಲ್ಲಿ ಜೋಸೆಫ್ ಲಫ್ಟ್, ಹ್ಯಾರಿಂಗ್ಟನ್ ಇಂಘಮ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಸೇರಿ ಮಾಡಿದ್ದು. ಜೋ ಮತ್ತು ಹ್ಯಾರಿ ಸೇರಿ ಜೋಹಾರಿ. ಒಂದು ಕಿಟಕಿಗೆ ನಾಲ್ಕು ಗಾಜು ಅಂದುಕೊಳ್ಳಿ. ನನಗೂ ಗೊತ್ತು, ನಿಮಗೂ ಗೊತ್ತು ಅನ್ನುವುದು ಒಂದು. ನನಗೆ ಗೊತ್ತು, ನಿಮಗೆ ಮುಚ್ಚಿಟ್ಟಿದ್ದೇನೆ ಅನ್ನುವುದು ಎರಡು. ನಿಮಗೆ ಕಾಣುತ್ತೆ, ನನಗೆ ಕಾಣಲ್ಲ ಅನ್ನುವುದು ಮೂರನೆಯದು, ತನ್ನ ಬೆನ್ನು ತನಗೆ ಕಾಣದು ಅಂತೀವಲ್ಲ ಅದು. ನಾಲ್ಕನೆಯದು ಇಬ್ಬರಿಗೂ ಗೊತ್ತಿಲ್ಲದ್ದು. ಕೇಳಿದರೆ ಬೆನ್ನಿನ ಗಾಜು ಚಿಕ್ಕದಾಗುತ್ತೆ, ಹೇಳಿಕೊಂಡರೆ ಮುಚ್ಚಿಟ್ಟ ಗಾಜು ಚಿಕ್ಕದಾಗುತ್ತೆ. ಬೆನ್ನಿನ ಕಡೆ ಬರೀ ತಪ್ಪುಗಳೇ ಇರುತ್ತವೆ ಅಂತ ಟ್ರೈನಿಂಗ್‌ನವರು ಹೆದರಿಸುತ್ತಾರೆ. ನನ್ನ ಅನುಭವದಲ್ಲಿ ಅಲ್ಲಿ ಒಳ್ಳೆಯದೂ ಅಷ್ಟೇ ಇರುತ್ತದೆ.

"ಮೊದಲು ದೌರ್ಬಲ್ಯ ಸರಿ ಮಾಡ್ಕೋಬೇಕಲ್ವಾ? ಶಕ್ತಿ ಎಲ್ಲಿಗೂ ಓಡಿ ಹೋಗಲ್ಲ."

ಬೇರೆಯವರಿಗೆ ನೋವು ಕೊಡುವ, ಕೆಲಸವನ್ನೇ ಕೆಡಿಸುವ ದೌರ್ಬಲ್ಯ ಇದ್ದರೆ ಇವತ್ತೇ ಹಿಡಿಯಿರಿ. ಸಿಟ್ಟು, ಕೊಟ್ಟ ಮಾತು ತಪ್ಪುವುದು ಇಂಥವು. ಮಿಕ್ಕವಕ್ಕೆ ಪಾಸ್ ಮಾರ್ಕ್ಸ್ ಸಾಕು. ಅರೇಬಿಕಾ ಎತ್ತರ, ತಂಪು ಕೇಳುತ್ತೆ. ರೊಬಸ್ಟಾ ತಗ್ಗಿನ ಸೆಕೆಗೂ ತಡೆದುಕೊಳ್ಳುತ್ತೆ. ತಗ್ಗಿನಲ್ಲಿ ಅರೇಬಿಕಾ ಹಾಕಿ ಜನ್ಮವೆಲ್ಲ ಅದಕ್ಕೆ ಔಷಧಿ ಹೊಡೆಯುತ್ತಾ ಕೂತವರನ್ನು ನಾನು ನೋಡಿದ್ದೇನೆ.

"ಇಂಟರ್‌ವ್ಯೂನಲ್ಲಿ 'ನಿಮ್ಮ ಶಕ್ತಿ ಹೇಳಿ' ಅಂದ್ರು. ಹೇಳಿದ್ರೆ ಜಂಭ, ಹೇಳದಿದ್ರೆ ಕೆಲಸ ಇಲ್ಲ."

ಮತ್ತೆ ಬೇಲೂರಿಗೆ ಬನ್ನಿ. ಅಲ್ಲಿನ ಎಷ್ಟೋ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಬಿರುದನ್ನೂ ಬಿಡದೆ ಹಾಕಿಕೊಂಡಿದ್ದಾರೆ! ಯಾರಿಗೂ ಜಂಭ ಅನ್ನಿಸುವುದಿಲ್ಲ, ಯಾಕೆಂದರೆ ಮೇಲೆ ವಿಗ್ರಹ ನಿಂತಿದೆ. ನೀವೂ ಹಾಗೇ ಮಾಡಿ. "ನಾನು ಕಷ್ಟಪಟ್ಟು ಕೆಲಸ ಮಾಡ್ತೀನಿ" ಬೇಡ. "ಕಾಲೇಜಿನ ಕ್ಯಾಂಪ್‌ನಲ್ಲಿ ನಲವತ್ತು ಜನರ ಊಟದ ಲೆಕ್ಕ ನನ್ನ ಕೈಯಲ್ಲಿತ್ತು, ಏಳು ದಿನ ಒಂದು ಹೊತ್ತೂ ತಪ್ಪಲಿಲ್ಲ" ಅನ್ನಿ. ಮೊದಲು ಕೆಲಸ, ಕೆಳಗೆ ಹೆಸರು.

## ಸ್ವಲ್ಪ ಒಳಗಿನ ಪ್ರಶ್ನೆಗಳು

"ಮನೇಲಿ ನನ್ನನ್ನ ಸಿಡುಕ ಅಂತಾರೆ, ಆಫೀಸಲ್ಲಿ ತಾಳ್ಮೆಯವನು ಅಂತಾರೆ. ಯಾವುದು ನಿಜ?"

ಎರಡೂ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಆಫೀಸಿನಲ್ಲಿ ತಾಳ್ಮೆಯೆಲ್ಲ ಖರ್ಚಾಗಿ ಮನೆಗೆ ಬರುವಾಗ ಡಬ್ಬಿ ಖಾಲಿ. ನಿಮ್ಮಲ್ಲಿ ತಾಳ್ಮೆ ಇದೆ ಅನ್ನೋದು ಸಾಬೀತಾಯ್ತಲ್ಲ, ಅದರಲ್ಲಿ ಸ್ವಲ್ಪ ಮನೆಗೆ ಉಳಿಸಿ. ಒಬ್ಬರು ಮನೆ ಮುಂದೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕೂತು ಒಳಗೆ ಹೋಗುವ ರೂಢಿ ಮಾಡಿಕೊಂಡಿದ್ದಾರೆ. ಹೆಂಡತಿಗೆ ಮೊದಲು ಅನುಮಾನ ಬಂದಿತ್ತಂತೆ.

"ನಮ್ಮ ಭಾವನಿಗೆ ಏನೂ ಗೊತ್ತಿಲ್ಲ, ಎಲ್ಲ ಗೊತ್ತು ಅಂತಾರೆ. ನಾನೂ ಹಾಗೇ ಇರಬಹುದಾ?"

ಕೇಳಿದಿರಲ್ಲ, ಅಷ್ಟರ ಮಟ್ಟಿಗೆ ಭಾವನಿಗಿಂತ ವಾಸಿ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ಡೇವಿಡ್ ಡನ್ನಿಂಗ್ 1999ರಲ್ಲಿ ತರ್ಕ, ವ್ಯಾಕರಣ, ಹಾಸ್ಯಪ್ರಜ್ಞೆ ಇವುಗಳಲ್ಲಿ ಪರೀಕ್ಷೆ ಮಾಡಿದರು. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಕೆಳಗಿನಿಂದ 12ನೇ ಜಾಗದ ಹತ್ತಿರ ಇದ್ದವರು, ತಾವು 62ರ ಹತ್ತಿರ ಇದ್ದೇವೆ ಅಂದುಕೊಂಡಿದ್ದರು. ಮೇಲಿನ ಸಾಲಿನವರು ತಮ್ಮನ್ನು ಸ್ವಲ್ಪ ಕಡಿಮೆಯೇ ಅಂದಾಜು ಮಾಡಿಕೊಂಡಿದ್ದರು. ಒಂದು ಕೆಲಸ ಸರಿಯಾಗಿ ಆಗಿದೆಯಾ ಅಂತ ನೋಡೋಕೂ ಆ ಕೆಲಸ ಗೊತ್ತಿರಬೇಕಲ್ಲ. ಹಾಗಾಗಿ ನಿಮ್ಮ ಅನ್ನಿಸಿಕೆಗಿಂತ ಅಳತೆಯನ್ನು ನಂಬಿ.

"ಎಲ್ಲರೂ ಹೊಗಳ್ತಾರೆ, ನಂಗೆ ಮಾತ್ರ ಒಂದಿನ ಬಣ್ಣ ಬಯಲಾಗುತ್ತೆ ಅನ್ನೋ ಭಯ."

ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್, ಸುಜಾನ್ ಐಮ್ಸ್ 1978ರಲ್ಲೇ ಇದರ ಬಗ್ಗೆ ಬರೆದರು. ಚೆನ್ನಾಗಿ ಓದಿ, ಒಳ್ಳೆ ಕೆಲಸದಲ್ಲಿದ್ದ ಹೆಣ್ಣುಮಕ್ಕಳೇ "ನಾನು ಎಲ್ಲರಿಗೂ ಮೋಸ ಮಾಡ್ತಿದ್ದೀನಿ" ಅಂದುಕೊಂಡಿದ್ದನ್ನು ಅವರು ಕಂಡಿದ್ದರು. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನನ್ನ ಹುಡುಗಿಯರಲ್ಲಿ ಇದನ್ನು ತುಂಬಾ ಕಂಡಿದ್ದೇನೆ. ಹೊಗಳಿಕೆ ಬಂದಾಗ "ಅಯ್ಯೋ ಏನಿಲ್ಲ ಬಿಡಿ" ಅಂತ ತಳ್ಳಬೇಡಿ. "ಯಾವುದು ಉಪಯೋಗ ಆಯ್ತು?" ಅಂತ ಒಂದು ಪ್ರಶ್ನೆ ಕೇಳಿ. ಉತ್ತರವನ್ನು ಬರೆದಿಡಿ. ಭಯ ಬಂದ ದಿನ ಓದಿ. ನಿದ್ದೆ, ಊಟ ಕೆಡುವಷ್ಟು ಆಗಿದ್ದರೆ ಮಾತ್ರ ನನ್ನಂಥವರ ಮಾತು ಸಾಲದು, ಆಪ್ತ ಸಮಾಲೋಚಕರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

"ನನ್ನ ಶಕ್ತಿ ಅಂತ ಹೇಳಿದ್ದೇ ಈಗ ಜನರಿಗೆ ತಲೆನೋವಾಗಿದೆ. ಹೀಗೂ ಆಗುತ್ತಾ?"

ಆಗುತ್ತೆ, ನನಗೇ ಆಗಿದೆ. ಬೇಗ ಅರ್ಥ ಮಾಡಿಕೊಳ್ಳುವುದು ನನ್ನ ಶಕ್ತಿ ಅಂತ ಬೀಗುತ್ತಿದ್ದೆ. ಒಂದು ಸಲ ಒಬ್ಬ ವಿದ್ಯಾರ್ಥಿ, ಬರದಿದ್ದ ಗೆಳೆಯನಿಗಾಗಿ ನನ್ನ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದ. ಕೇಳಿಸಿಕೊಂಡೆ. ಮೊದಲು ದನಿಯೇ ನನ್ನದಲ್ಲ ಅನ್ನಿಸಿತು. ನಮ್ಮ ದನಿ ನಮಗೆ ತಲೆಯ ಮೂಳೆಗಳ ಮೂಲಕವೂ ಕೇಳುತ್ತೆ, ಹಾಗಾಗಿ ದಪ್ಪ. ಬೇರೆಯವರಿಗೆ ಗಾಳಿಯಲ್ಲಿ ಬಂದದ್ದಷ್ಟೇ. ಅಂದರೆ ಇಷ್ಟು ವರ್ಷ ಹುಡುಗರು ಕೇಳಿದ್ದು ಈ ಕೀರಲು ದನಿಯನ್ನೇ!

ಆಮೇಲೆ ಅದಕ್ಕಿಂತ ಕೆಟ್ಟದ್ದು ಕೇಳಿಸಿತು. ಒಬ್ಬ ಹುಡುಗ "ಮಿಸ್, ಅದು ಹೇಗೆ..." ಅನ್ನುತ್ತಾನೆ, ನಾನು ಅವನ ಪ್ರಶ್ನೆಯನ್ನು ನಾನೇ ಮುಗಿಸಿ ಉತ್ತರ ಶುರು ಮಾಡುತ್ತೇನೆ. ನಲವತ್ತು ನಿಮಿಷದಲ್ಲಿ ಹನ್ನೊಂದು ಸಲ. ಎರಡು ಸಲ ಅವರ ಪ್ರಶ್ನೆಯೇ ಬೇರೆ ಇತ್ತು ಅಂತ ಈಗ ಗೊತ್ತಾಗುತ್ತೆ. ಬೇಗ ಅರ್ಥವಾಗುವ ಗುಣವನ್ನು ಬಿಡಲಿಲ್ಲ, ಬಿಡೋಕೂ ಆಗಲ್ಲ. ಪ್ರಶ್ನೆ ಮುಗಿಯುವ ತನಕ ಕೈಯಲ್ಲಿ ಚಾಕ್ ಪೀಸ್ ಹಿಡಿದುಕೊಂಡು ನಿಲ್ಲುವುದು ಕಲಿತೆ. ಆ ವರ್ಷ ಎಷ್ಟು ಚಾಕ್ ಪೀಸ್ ಮುರಿದೆನೋ.

"ಒಬ್ಬರು ತುಂಬಾ ಚುಚ್ಚಿ ಹೇಳಿದರು. ಅದನ್ನೂ ನಂಬಬೇಕಾ?"

ಕೇಳಿದ ಕೂಡಲೇ ನಂಬುವುದೂ ಬೇಡ, ಜಗಳವೂ ಬೇಡ. "ಆಯ್ತು, ಯೋಚಿಸ್ತೀನಿ" ಅಂತ ಹೇಳಿ ಎರಡು ರಾತ್ರಿ ಬಿಡಿ. ಆಮೇಲೆ "ಯಾವತ್ತು ಹಾಗನ್ನಿಸಿತು?" ಅಂತ ಕೇಳಿ. ದಿನ, ಜಾಗ ಹೇಳಿದರೆ ಕೇಳಿಸಿಕೊಳ್ಳುವ ಮಾತು. "ನೀನು ಯಾವಾಗಲೂ ಹಾಗೇ" ಅಂದರೆ ಅದು ಅವರ ಸಿಟ್ಟಿನ ಮಾತು. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ಅದನ್ನೇ ಹೇಳಿದರೆ ಮಾತ್ರ ಜಾರಿಕೊಳ್ಳಬೇಡಿ.

"ಊರಲ್ಲಿ ನಂಗೆ ಸೋಮಾರಿ ಅಂತ ಹೆಸರು ಬಿದ್ದಿದೆ. ಬಿದ್ದ ಹೆಸರು ಎದ್ದೇಳುತ್ತಾ?"

ಕಷ್ಟ, ಆದರೆ ಎದ್ದೇಳುತ್ತೆ. ಬೆಂಗಳೂರಿನಲ್ಲಾದರೆ ಮನೆ ಬದಲಿಸಿದರೆ ಹೆಸರೂ ಬದಲಾಗುತ್ತೆ. ನಮ್ಮ ಊರುಗಳಲ್ಲಿ ಏಳನೇ ಕ್ಲಾಸಿನಲ್ಲಿ ಮಾಡಿದ್ದನ್ನು ನಿಮ್ಮ ಮಗನ ನಾಮಕರಣದಲ್ಲಿ ಹೇಳುತ್ತಾರೆ. ಒಮ್ಮೆ ಹಣೆಪಟ್ಟಿ ಹಚ್ಚಿದ ಮೇಲೆ ಜನ ಅದಕ್ಕೆ ಹೊಂದುವುದನ್ನು ಮಾತ್ರ ನೋಡುತ್ತಾರೆ. ನೀವು ಹತ್ತು ದಿನ ದುಡಿದದ್ದು ಕಾಣಲ್ಲ, ಹನ್ನೊಂದನೇ ದಿನ ಜಗಲಿ ಮೇಲೆ ಕೂತದ್ದು ಕಾಣುತ್ತೆ. ಬಾಯಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ಒಂದೇ ಒಂದು ಸಣ್ಣ ಕೆಲಸ, ಅದೇ ಜನರ ಕಣ್ಣೆದುರು, ಅದೇ ಹೊತ್ತಿಗೆ, ದಿನಾ ಮಾಡಬೇಕು.

ಕಡೂರು ಕಡೆಯ ಒಬ್ಬ ಹುಡುಗ, ಎಲ್ಲದಕ್ಕೂ ತಡ ಅಂತಲೇ ಹೆಸರಾದವನು, ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಸೇರಿದ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯಬೇಕು. ಮೊದಲ ತಿಂಗಳು ಜನ ಬೇಕೆಂತಲೇ ಆರಕ್ಕೆ ಹತ್ತು ನಿಮಿಷ ಮೊದಲೇ ಕ್ಯಾನ್ ಹಿಡಿದು ಬಂದು ನಿಲ್ಲುತ್ತಿದ್ದರಂತೆ, ಅವನು ತಡ ಮಾಡುವುದನ್ನು ನೋಡೋಕೆ. ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು. ಒಂದು ದಿನವೂ ಆ ಭಾಗ್ಯ ಅವರಿಗೆ ಸಿಗಲಿಲ್ಲ. ಈಚೆಗೆ ಆ ಊರಿಗೆ ಹೋದಾಗ ಅವನ ದೊಡ್ಡಮ್ಮನ ಹತ್ತಿರ, ಹುಡುಗ ಎಷ್ಟು ಬದಲಾದ ಅಲ್ವಾ ಅಂದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಬದ್ಲಾಗಾದೇನ್ ಬಂತು ಮೇಡಂ, ಅವ್ನು ಚಿಕ್ಕ ಹುಡ್ಗ ಆಗಿದ್ದಾಗ್ಲಿಂದ್ಲೂ ಹಂಗೇ. ಟೈಮ್ ಅಂದ್ರೆ ಟೈಮು."